ಮೂರು ಎಂಜಿನ್ ಇದ್ದರೂ ವಿಮಾನ ಯಾಕೆ ಬಿತ್ತು? ನಮ್ಮ ಟಪಾಲು ಹೊತ್ತ ಮೊದಲ ವಿಮಾನಗಳ ಕಥೆ

ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಹೋದಾಗ ವಿಮಾನ ತಲೆ ಮೇಲೆ ಹಾದು ಹೋದರೆ ಈಗಲೂ ಬೈಕ್ ನಿಲ್ಲಿಸಿ ನೋಡುವವರಿದ್ದಾರೆ. ಊರಿಂದ ಬಂದ ಹಿರಿಯರು ಜೊತೆಗಿದ್ದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಲ್ರೀ, ಮ್ಯಾಲೆ ಹೋದಾಗ ಎಂಜಿನ್ ಬಂದಾದ್ರ ಏನ್ ಮಾಡ್ತಾರ?"

ನೂರು ವರ್ಷದ ಹಿಂದೆ ವಿಮಾನ ಕಟ್ಟುವವರನ್ನೂ ಕಾಡಿದ ಪ್ರಶ್ನೆ ಇದೇ. ಅವರು ಕಂಡುಕೊಂಡ ಉತ್ತರ ಸರಳವಾಗಿತ್ತು. ಒಂದು ಎಂಜಿನ್ ಕೆಟ್ಟೀತು ಅಂತ ಭಯವಿದ್ದರೆ ಮೂರು ಹಾಕಿಬಿಡಿ. ಮೂಗಿನ ತುದಿಯಲ್ಲೊಂದು, ಎಡಕ್ಕೊಂದು, ಬಲಕ್ಕೊಂದು. 1920ರ ದಶಕದ ಕೊನೆಯಲ್ಲಿ ದೊಡ್ಡ ಪ್ರಯಾಣಿಕ ವಿಮಾನ ಅಂದರೆ ಬಹಳಷ್ಟು ಕಡೆ ಮೂರು ಎಂಜಿನ್ನಿನದೇ.

ಆದರೂ ಆ ವಿಮಾನಗಳು ಬಿದ್ದವು. ಎಂಜಿನ್ ಒಂದೂ ಕೆಡದೆ ಬಿದ್ದವು, ಮೂರೂ ಒಟ್ಟಿಗೆ ನಿಂತು ಬಿದ್ದವು. ಯಾಕೆ ಅನ್ನುವುದು ಈ ಬರಹ. ಇದು ದೂರದ ಯುರೋಪಿನ ಕಥೆ ಮಾತ್ರ ಅಲ್ಲ. ಭಾರತದ ಕಾಗದಗಳನ್ನು ಮೊದಲ ಬಾರಿಗೆ ಆಕಾಶದಲ್ಲಿ ಇಂಗ್ಲೆಂಡಿನವರೆಗೆ ಹೊತ್ತು ಹೋದದ್ದು ಇದೇ ಮೂರು ಎಂಜಿನ್ನಿನ ವಿಮಾನಗಳು.

ಧಾರವಾಡಕ್ಕೂ ಕರಾಚಿಗೂ ಏನು ಸಂಬಂಧ?

ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು ಅನ್ನುವುದು ನಮ್ಮ ಕಡೆಯವರಿಗೆ ಗೊತ್ತು. ಕರಾಚಿಯೂ ಅದೇ ಪ್ರಾಂತ್ಯದಲ್ಲಿತ್ತು ಅನ್ನುವುದು ಅನೇಕರಿಗೆ ಗೊತ್ತಿಲ್ಲ. 1936ರ ಏಪ್ರಿಲ್‌ನಲ್ಲಿ ಸಿಂಧ್ ಬೇರೆ ಪ್ರಾಂತ್ಯ ಆಗುವವರೆಗೂ ಧಾರವಾಡ ಮತ್ತು ಕರಾಚಿ ಒಂದೇ ಸರ್ಕಾರದ ಕೆಳಗಿದ್ದ ಎರಡು ಊರುಗಳು.

ಭಾರತದ ವಿಮಾನ ಟಪಾಲಿನ ಹೆಬ್ಬಾಗಿಲು ಆ ಕರಾಚಿ. ಇಂಪೀರಿಯಲ್ ಏರ್‌ವೇಸ್ ಎಂಬ ಬ್ರಿಟಿಷ್ ಕಂಪನಿ 1929ರ ಮಾರ್ಚ್ 30ರಂದು ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಿಂದ ಕರಾಚಿಗೆ ವಾರಕ್ಕೊಂದು ಟಪಾಲು ಸೇವೆ ಶುರು ಮಾಡಿತು. ಕರಾಚಿಯಿಂದ ಮೊದಲ ಟಪಾಲು ಏಪ್ರಿಲ್ 7ರಂದು ಹೊರಟಿತು. ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಡಬ್ಬಿಗೆ ಹಾಕಿದ ವಿಮಾನ ಟಪಾಲು ಮೊದಲು ರೈಲು ಹತ್ತಿ ಮುಂಬಯಿ ಕಡೆಗೆ, ಅಲ್ಲಿಂದ ಕರಾಚಿಗೆ ಹೋಗಿ ಆಮೇಲೆ ವಿಮಾನ ಏರಬೇಕಿತ್ತು.

ಕರಾಚಿಯಿಂದ ಲಂಡನ್ನಿಗೆ ಏಳು ದಿನ. ಮುಂಬಯಿಂದ ಹಡಗಿನಲ್ಲಿ ಹೋದರೆ ಎರಡು ವಾರಕ್ಕೂ ಹೆಚ್ಚು. ವ್ಯಾಪಾರಸ್ಥರಿಗೆ, ಕಚೇರಿಗಳಿಗೆ, ಮಗ ಪರದೇಶದಲ್ಲಿ ಓದುತ್ತಿದ್ದ ಮನೆಗಳಿಗೆ ಇದು ದೊಡ್ಡ ಮಾತು.

ಮನುಷ್ಯರೂ ಹೋಗಬಹುದಿತ್ತು. ಟಿಕೆಟ್ಟಿಗೆ 130 ಪೌಂಡ್. ಆಗಿನ ದರದಲ್ಲಿ ಒಂದು ಪೌಂಡಿಗೆ ಹದಿಮೂರು ರೂಪಾಯಿ ಚಿಲ್ಲರೆ. ಅಂದರೆ ಸುಮಾರು 1,730 ರೂಪಾಯಿ. ಅಷ್ಟು ದುಡ್ಡು ಕೊಟ್ಟು ಹಾರುವವರು ದೊಡ್ಡ ಅಧಿಕಾರಿಗಳು, ಸಾಹುಕಾರರು ಮಾತ್ರ. ಮುಂದೆ ಆಕ್ಸ್‌ಫರ್ಡ್‌ಗೆ ಓದಲು ಹೋದ ನಮ್ಮ ವಿ.ಕೃ. ಗೋಕಾಕರೂ ಹೋದದ್ದು ಹಡಗಿನಲ್ಲೇ. ನಮ್ಮವರ ಪಾಲಿಗೆ ಆ ವಿಮಾನ ಅಂದರೆ ಟಪಾಲು.

ಒಂದು ಕಾಗದ, ಮೂರು ವಿಮಾನ, ಒಂಬತ್ತು ಎಂಜಿನ್

ಆ ಕಾಗದ ಒಂದೇ ವಿಮಾನದಲ್ಲಿ ಹೋಗುತ್ತಿರಲಿಲ್ಲ. ಕರಾಚಿಯಿಂದ ಈಜಿಪ್ಟಿನವರೆಗೆ ಡಿ ಹ್ಯಾವಿಲೆಂಡ್ ಕಂಪನಿಯ ಹರ್ಕ್ಯುಲಿಸ್ ವಿಮಾನ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ ಇಟಲಿಯ ಜಿನೋವಾವರೆಗೆ ಶಾರ್ಟ್ ಕಂಪನಿಯ ಕಲ್ಕತ್ತಾ ಎಂಬ ವಿಮಾನ. ಇದಕ್ಕೆ ಚಕ್ರ ಇಲ್ಲ, ದೋಣಿಯಂಥ ಹೊಟ್ಟೆ. ನೀರಿನ ಮೇಲೆ ಇಳಿಯುತ್ತದೆ, ನೀರಿನಿಂದಲೇ ಏಳುತ್ತದೆ. ಜಿನೋವಾದಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೆ ರೈಲು. ಅಲ್ಲಿಂದ ಲಂಡನ್ನಿಗೆ ಆರ್ಗಸಿ ಎಂಬ ವಿಮಾನ.

ಹರ್ಕ್ಯುಲಿಸ್, ಕಲ್ಕತ್ತಾ, ಆರ್ಗಸಿ. ಮೂರೂ ಮೂರು ಎಂಜಿನ್ನಿನವೇ. ಹರ್ಕ್ಯುಲಿಸ್‌ನಲ್ಲಿ ಏಳು ಪ್ರಯಾಣಿಕರು ಮತ್ತು ಟಪಾಲು, ಕಲ್ಕತ್ತಾದಲ್ಲಿ 15 ಪ್ರಯಾಣಿಕರು, ಆರ್ಗಸಿಯಲ್ಲಿ 20. ಎಲ್ಲವೂ ಎರಡು ಅಂತಸ್ತಿನ ರೆಕ್ಕೆ ಇದ್ದವು. ವೇಗ ಗಂಟೆಗೆ 150ರಿಂದ 175 ಕಿಲೊಮೀಟರ್ ಆಸುಪಾಸು. ಇಂದಿನ ವಂದೇ ಭಾರತ್ ರೈಲು ಜೋರಾಗಿ ಓಡುವಷ್ಟು.

ಮೂರು ಎಂಜಿನ್ ಸುಮ್ಮನೆ ಹಾಕಿದ್ದಲ್ಲ. ಆ ಕಾಲದ ಎಂಜಿನ್‌ಗಳಿಗೆ ಶಕ್ತಿ ಕಡಿಮೆ, ನಂಬಿಕೆ ಇನ್ನೂ ಕಡಿಮೆ. ಒಂದೇ ಎಂಜಿನ್ ಇದ್ದ ವಿಮಾನದಲ್ಲಿ ಅದು ಕೆಟ್ಟರೆ ಕೆಳಗೆ ಸಿಕ್ಕ ಹೊಲಕ್ಕೆ ಇಳಿಯಬೇಕು. ಇಂಗ್ಲೆಂಡಿನಲ್ಲಿ ಹೊಲ ಸಿಗುತ್ತದೆ. ಅರಬಸ್ತಾನದ ಮರಳುಗಾಡಿನಲ್ಲಿ, ಪರ್ಷಿಯಾದ ಬಂಡೆಗಾಡಿನಲ್ಲಿ, ಮೆಡಿಟರೇನಿಯನ್ ಸಮುದ್ರದ ಮೇಲೆ ಎಲ್ಲಿ ಇಳಿಯುವುದು?

ಮೂರಿದ್ದರೆ ಒಂದು ಕೆಟ್ಟರೂ ಉಳಿದೆರಡರಲ್ಲಿ ಮುಂದಿನ ಊರು ಮುಟ್ಟಬಹುದು. ಎರಡು ಕೆಟ್ಟರೆ ಒಂದರಲ್ಲಿ ಎತ್ತರ ಕಾಯ್ದುಕೊಳ್ಳುವುದು ಕಷ್ಟ. ಆದರೂ ಮೆಲ್ಲಗೆ ಇಳಿಯಲು ಒಂದಿಷ್ಟು ಸಮಯ ಸಿಗುತ್ತದೆ. ಇದರಲ್ಲಿ ಒಂದು ತಕರಾರೂ ಇದೆ. ಒಂದು ಎಂಜಿನ್ ನೂರು ಸಲದಲ್ಲಿ ಒಮ್ಮೆ ಕೆಡುತ್ತದೆ ಅಂತ ಇಟ್ಟುಕೊಳ್ಳಿ. ಮೂರು ಎಂಜಿನ್ ಇದ್ದರೆ ನೂರರಲ್ಲಿ ಸುಮಾರು ಮೂರು ಸಲ ಯಾವುದಾದರೂ ಒಂದು ಕೆಡುತ್ತದೆ. ಉಳಿದೆರಡು ನಿಜವಾಗಿಯೂ ಭಾರ ಹೊತ್ತರೆ ಮಾತ್ರ ಲಾಭ.

ಮರಳುಗಾಡಿನ ದಾರಿ ಹೇಗೆ ಹುಡುಕುತ್ತಿದ್ದರು ಅನ್ನುವುದನ್ನು ರೈತರು ಕೇಳಬೇಕು. ಇಂಪೀರಿಯಲ್ ಏರ್‌ವೇಸ್ ಬರುವ ಮುಂಚೆ, 1921ರಿಂದ, ಬ್ರಿಟಿಷ್ ವಾಯುಪಡೆ ಕೈರೋ ಮತ್ತು ಬಾಗ್ದಾದ್ ನಡುವೆ ಟಪಾಲು ಒಯ್ಯುತ್ತಿತ್ತು. ಎಲ್ಲಿ ನೋಡಿದರೂ ಒಂದೇ ಥರದ ಬಯಲು. ಗುರುತಿಗೆ ಗಿಡವಿಲ್ಲ, ಗುಡ್ಡವಿಲ್ಲ. ಅದಕ್ಕೆ ಅವರು ಕೆಲವು ಕಡೆ ನೆಲದ ಮೇಲೆ ಟ್ರ್ಯಾಕ್ಟರ್ ನೇಗಿಲಿನಿಂದ ಉದ್ದಕ್ಕೆ ಸಾಲು ಹೊಡೆಸಿದರು. ಪೈಲಟ್ ಮೇಲಿನಿಂದ ಆ ಸಾಲು ನೋಡಿಕೊಂಡು ಹಾರಬೇಕು. ನಾವು ಬಿತ್ತಲು ಸಾಲು ಹೊಡೆದರೆ ಅವರು ಹಾರಲು ಸಾಲು ಹೊಡೆದರು.

ಹಗಲಿಗೆ ಇದು ಸರಿ. ರಾತ್ರಿ ಆದರೆ ಸಾಲು ಕಾಣಬೇಕಲ್ಲ?

ಕತ್ತಲು: ಜಾಸ್ಕ್, 1929

ಸೇವೆ ಶುರುವಾಗಿ ಆರು ತಿಂಗಳೂ ತುಂಬಿರಲಿಲ್ಲ. 1929ರ ಸೆಪ್ಟೆಂಬರ್ 6. ಪರ್ಷಿಯಾ, ಅಂದರೆ ಇಂದಿನ ಇರಾನ್‌ನ ಕರಾವಳಿಯಲ್ಲಿ ಜಾಸ್ಕ್ ಎಂಬ ಸಣ್ಣ ಊರು. ಕರಾಚಿ ದಾರಿಯ ಒಂದು ನಿಲ್ದಾಣ.

'ಸಿಟಿ ಆಫ್ ಜೆರುಸಲೆಂ' ಎಂಬ ಹರ್ಕ್ಯುಲಿಸ್ ವಿಮಾನ ಅಲ್ಲಿ ಕತ್ತಲಲ್ಲಿ ಇಳಿಯಲು ಹೋಯಿತು. ನೆಲ ಎಷ್ಟು ಕೆಳಗಿದೆ ಅನ್ನುವ ಅಂದಾಜು ಪೈಲಟ್‌ಗೆ ತಪ್ಪಿತು. ನೆಲ ಮುಟ್ಟುವ ಮುಂಚೆಯೇ ವೇಗ ತೀರಾ ಕಡಿಮೆಯಾಗಿ ವಿಮಾನ ಕುಸಿದು ಬಿತ್ತು. ಬೆಂಕಿ ಹತ್ತಿತು. ಒಳಗಿದ್ದ ಐವರಲ್ಲಿ ಮೂವರು ಸತ್ತರು.

ಕತ್ತಲೆಯಲ್ಲಿ ಹೊಲದ ಬದು ಇಳಿಯುವಾಗ ಇನ್ನೊಂದು ಮೆಟ್ಟಿಲಿದೆ ಅಂದುಕೊಂಡು ಕಾಲಿಟ್ಟು ಮುಗ್ಗರಿಸುತ್ತೇವಲ್ಲ, ಅದೇ ತಪ್ಪು. ಅಲ್ಲಿ ಕಾಲು ಉಳುಕುತ್ತದೆ, ಇಲ್ಲಿ ಜೀವ ಹೋಯಿತು. ಮೂರು ಎಂಜಿನ್ನುಗಳು ಎಷ್ಟು ಚೆನ್ನಾಗಿದ್ದರೂ ನೆಲ ಕಾಣಿಸುವುದಿಲ್ಲ. ಅದಕ್ಕೆ ಬೇಕಾದದ್ದು ದೀಪ.

ಸಮುದ್ರ: ಇಟಲಿ ಕರಾವಳಿ, 1929

ಏಳೇ ವಾರ ಕಳೆದಿತ್ತು. ಅದೇ ವರ್ಷದ ಅಕ್ಟೋಬರ್ 26. ಈ ಸಲ ಕಲ್ಕತ್ತಾ ಮಾದರಿಯ 'ಸಿಟಿ ಆಫ್ ರೋಮ್'. ಭಾರತದ ದಾರಿಯ ವಿಮಾನ, ಇಟಲಿಯ ನೇಪಲ್ಸ್‌ನಿಂದ ಜಿನೋವಾ ಕಡೆ ಹೊರಟಿತ್ತು.

ದಾರಿಯಲ್ಲಿ ಬಿರುಗಾಳಿ. ಲಾ ಸ್ಪೆಜಿಯಾ ಎಂಬ ಬಂದರಿನ ಆಚೆ ಸಮುದ್ರದ ಮೇಲೆ ಇಳಿಯಲೇಬೇಕಾಯಿತು. ದೋಣಿ ಹೊಟ್ಟೆಯ ವಿಮಾನ, ತೇಲಿತು. ಅಲ್ಲಿಗೆ ಬದುಕಿದೆವು ಅಂತ ಒಳಗಿದ್ದವರು ಅಂದುಕೊಂಡಿದ್ದರೆ ತಪ್ಪಿಲ್ಲ. ಸಹಾಯಕ್ಕೆ ಬಂದ ಹಡಗು ಹಗ್ಗ ಕಟ್ಟಿ ಎಳೆಯತೊಡಗಿತು. ಅಲೆಗಳ ನಡುವೆ, ರಾತ್ರಿಯ ಕತ್ತಲಲ್ಲಿ, ಹಗ್ಗ ಹರಿಯಿತು. ವಿಮಾನ ಮುಳುಗಿತು. ಏಳು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಒಂದೇ ಸೇವೆಯ ಎರಡು ಬೇರೆ ಬೇರೆ ಮಾದರಿಯ ವಿಮಾನ, ಎರಡು ತಿಂಗಳೊಳಗೆ ಹತ್ತು ಸಾವು. ಇಂಥ ಅಪಘಾತಗಳಲ್ಲಿ ಉಳಿದ ಕಾಗದಗಳನ್ನು ಅಂಚೆ ಇಲಾಖೆಗಳು ವಿಳಾಸ ಓದಲು ಬಂದರೆ ತಲುಪಿಸುತ್ತಿದ್ದವು. ಅಂಚು ಸುಟ್ಟ, ಮಸಿ ಕದಡಿದ, ಚೀಟಿ ಉದುರಿದ ಲಕೋಟೆಗಳನ್ನು ಇಂದಿಗೂ ಅಂಚೆಚೀಟಿ ಸಂಗ್ರಹಿಸುವವರು ಜೋಪಾನ ಮಾಡುತ್ತಾರೆ. ಯಾರದೋ ಮನೆಯ ಸುದ್ದಿ ಅದು, ನೀರಲ್ಲಿ ನೆನೆದು ಬಂದದ್ದು.

ಸುದ್ದಿ ಮುಟ್ಟದ ವಿಮಾನ: ಆಸ್ಟ್ರೇಲಿಯಾ, 1931

ಇಲ್ಲಿಂದ ಸ್ವಲ್ಪ ದೂರ ಹೋಗೋಣ. ಮೂರು ಎಂಜಿನ್ನಿನ ವಿಮಾನಗಳಲ್ಲಿ ಬಹಳ ಹೆಸರುವಾಸಿಯಾದದ್ದು ಫಾಕರ್ ಎಂಬ ಡಚ್ ಕಂಪನಿಯದು. ಅದನ್ನೇ ಇಂಗ್ಲೆಂಡಿನ ಆವ್ರೊ ಕಂಪನಿ 'ಆವ್ರೊ ಟೆನ್' ಹೆಸರಿನಲ್ಲಿ ಕಟ್ಟುತ್ತಿತ್ತು. ಭಾರತದ ವೈಸರಾಯ್ ಓಡಾಟಕ್ಕೆ ತರಿಸಿದ ವಿಮಾನವೂ ಇದೇ ಮಾದರಿ.

1931ರ ಮಾರ್ಚ್ 21ರ ಬೆಳಿಗ್ಗೆ ಇದೇ ಮಾದರಿಯ 'ಸದರ್ನ್ ಕ್ಲೌಡ್' ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೊರಟಿತು. ಒಳಗೆ ಎಂಟು ಜನ. ಹೊರಟ ಮೇಲೆ ಹವಾಮಾನ ಕಚೇರಿಯ ಹೊಸ ವರದಿ ಬಂತು. ಮುಂದೆ ಭಾರೀ ಗಾಳಿ, ಮಳೆ ಇದೆ ಅಂತ. ಆದರೆ ವಿಮಾನದಲ್ಲಿ ರೇಡಿಯೊ ಇರಲಿಲ್ಲ. ನೆಲದ ಮೇಲಿದ್ದವರಿಗೆ ಅಪಾಯ ಗೊತ್ತು, ಮೇಲಿದ್ದವರಿಗೆ ಗೊತ್ತಿಲ್ಲ. ತಿಳಿಸಲು ದಾರಿಯೇ ಇಲ್ಲ.

ವಿಮಾನ ಮೆಲ್ಬರ್ನ್ ಮುಟ್ಟಲಿಲ್ಲ. ದಿನಗಟ್ಟಲೆ ಹುಡುಕಿದರು, ಸಿಗಲಿಲ್ಲ. 27 ವರ್ಷ ಕಳೆದು, 1958ರ ಅಕ್ಟೋಬರ್‌ನಲ್ಲಿ, ಸ್ನೋಯಿ ಬೆಟ್ಟಗಳಲ್ಲಿ ಅಣೆಕಟ್ಟು ಮತ್ತು ವಿದ್ಯುತ್ ಯೋಜನೆಯ ಕೆಲಸಕ್ಕೆ ಬಂದಿದ್ದ ಒಬ್ಬ ಕಾರ್ಮಿಕ ರಜೆಯ ದಿನ ಕಾಡಿನಲ್ಲಿ ಅಡ್ಡಾಡುವಾಗ ಅದರ ಅವಶೇಷ ಕಂಡ. ಅಷ್ಟು ವರ್ಷ ಎಂಟು ಮನೆಗಳವರು ಏನಾಯಿತು ಅಂತ ತಿಳಿಯದೆ ಬದುಕಿದ್ದರು.

ಇಂದು ಹೊಲದಲ್ಲಿ ನಿಂತೇ ಮೊಬೈಲಿನಲ್ಲಿ ಮಳೆ ಬರುತ್ತದೋ ಇಲ್ಲವೋ ನೋಡುತ್ತೇವೆ. ಆ ಪೈಲಟ್‌ಗೆ ಅಷ್ಟೂ ಇರಲಿಲ್ಲ. ಮೂರು ಎಂಜಿನ್ ಇತ್ತು.

ರೆಕ್ಕೆಯೊಳಗಿನ ತೇವ: ಅಮೆರಿಕ, 1931

ಸದರ್ನ್ ಕ್ಲೌಡ್ ಕಾಣೆಯಾಗಿ ಹತ್ತೇ ದಿನ. ಮಾರ್ಚ್ 31. ಅಮೆರಿಕದ ಕಾನ್ಸಾಸ್ ರಾಜ್ಯದ ಬಜಾರ್ ಎಂಬ ಹಳ್ಳಿಯ ಹತ್ತಿರ, ದನ ಮೇಯುವ ಬಯಲಿನಲ್ಲಿ, ಟಿಡಬ್ಲ್ಯುಎ ಕಂಪನಿಯ ಫಾಕರ್ ವಿಮಾನ ಬಿತ್ತು. ಇದಕ್ಕೂ ಮೂರು ಎಂಜಿನ್. ಎಂಟು ಜನ ಇದ್ದರು, ಎಂಟೂ ಜನ ಸತ್ತರು. ಅವರಲ್ಲೊಬ್ಬರು ನ್ಯೂಟ್ ರಾಕ್ನಿ. ನೋಟರ್ ಡೇಮ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್, ಅಮೆರಿಕದಲ್ಲಿ ಮನೆಮಾತಾಗಿದ್ದ ಮನುಷ್ಯ.

ಹಾರುತ್ತಿರುವಾಗಲೇ ರೆಕ್ಕೆ ಮುರಿದಿತ್ತು. ಆ ರೆಕ್ಕೆ ಮರದ್ದು. ಒಳಗಿನ ತೊಲೆಗಳನ್ನು ಅಂಟು ಹಾಕಿ ಜೋಡಿಸಿದ್ದರು. ಮೇಲೆ ಪ್ಲೈವುಡ್ ಹೊದಿಕೆ. ಒಳಗೆ ತೇವ ಸೇರಿ ಅಂಟು ಬಿಟ್ಟಿತ್ತು. ಹೊರಗಿನಿಂದ ನೋಡಿದರೆ ರೆಕ್ಕೆ ಹೊಸದರಂತೆ ಹೊಳೆಯುತ್ತಿತ್ತು. ಒಳಗೆ ಏನಾಗಿದೆ ಅಂತ ನೋಡಬೇಕೆಂದರೆ ಹೊದಿಕೆಯನ್ನೇ ಕಿತ್ತು ನೋಡಬೇಕಿತ್ತು.

ನಮ್ಮ ಹಳೆಯ ಮನೆಗಳ ಜಂತಿ ನೆನಪಿಸಿಕೊಳ್ಳಿ. ಮೇಲೆ ಬಣ್ಣ ಚೆನ್ನಾಗಿರುತ್ತದೆ, ಗೋಡೆಯೊಳಗೆ ಸೇರಿದ ತುದಿ ಮಳೆನೀರು ಕುಡಿದು ಟೊಳ್ಳಾಗಿರುತ್ತದೆ. ಒಂದು ಮಳೆಗಾಲ ಕುಸಿದಾಗಲೇ ಗೊತ್ತಾಗುವುದು.

ಈ ಅಪಘಾತದಿಂದ ಎರಡು ಬದಲಾವಣೆ ಬಂದವು. ಒಂದು, ಮರದ ರೆಕ್ಕೆಯ ವಿಮಾನಗಳನ್ನು ಮೇಲಿಂದ ಮೇಲೆ ಬಿಚ್ಚಿ ಪರೀಕ್ಷೆ ಮಾಡಬೇಕು ಅಂತ ಸರ್ಕಾರ ಹೇಳಿತು. ಅದರ ಖರ್ಚು ತಾಳಲಾರದೆ ಕಂಪನಿಗಳು ಪೂರ್ತಿ ಲೋಹದ ವಿಮಾನಗಳ ಕಡೆ ತಿರುಗಿದವು.

ಎರಡನೆಯದು ನಮ್ಮಂಥ ವರದಿಗಾರರಿಗೆ ಮುಖ್ಯ. ಅಲ್ಲಿಯವರೆಗೆ ಅಮೆರಿಕದ ಸರ್ಕಾರ ವಿಮಾನ ಅಪಘಾತದ ಕಾರಣಗಳನ್ನು ಜನರಿಗೆ ಹೇಳುತ್ತಿರಲಿಲ್ಲ. ಜನ ಹೆದರುತ್ತಾರೆ, ಕಂಪನಿಗಳಿಗೆ ನಷ್ಟ ಆಗುತ್ತದೆ ಅನ್ನುವ ಲೆಕ್ಕ. ರಾಕ್ನಿಯಂಥ ಮನುಷ್ಯ ಸತ್ತಾಗ ಪತ್ರಿಕೆಗಳು ಬಿಡಲಿಲ್ಲ, ಜನರೂ ಬಿಡಲಿಲ್ಲ. ಯಾಕೆ ಬಿತ್ತು ಹೇಳಿ ಅಂತ ಕೇಳುತ್ತಲೇ ಹೋದರು. ಸರ್ಕಾರ ಬಾಯಿ ಬಿಡಬೇಕಾಯಿತು. ದೊಡ್ಡ ಹೆಸರಿನವರು ಸತ್ತಾಗಲೇ ಪ್ರಶ್ನೆ ಏಳುವುದು ಬೇಸರದ ಸಂಗತಿ. ಆದರೆ ಅವತ್ತು ಎದ್ದ ಪ್ರಶ್ನೆ ಆಮೇಲೆ ಹಾರಿದ ಹೆಸರಿಲ್ಲದ ಲಕ್ಷಾಂತರ ಜನರನ್ನು ಕಾಯಿತು.

ಬೆಂಕಿ ಮತ್ತು ಬೆಳಕಿನ ಗಾಡಿ

1933ರ ಮಾರ್ಚ್ 28. ಆರ್ಗಸಿ ಮಾದರಿಯ 'ಸಿಟಿ ಆಫ್ ಲಿವರ್‌ಪೂಲ್' ಬ್ರಸೆಲ್ಸ್‌ನಿಂದ ಲಂಡನ್ನಿಗೆ ಹೋಗುವಾಗ ಬೆಲ್ಜಿಯಂನ ಡಿಕ್ಸ್‌ಮುಡ ಹತ್ತಿರ ಆಕಾಶದಲ್ಲೇ ಬೆಂಕಿ ಹತ್ತಿ ಬಿತ್ತು. 15 ಜನರೂ ಸತ್ತರು. ಬೆಂಕಿ ಹತ್ತಿದ್ದು ಎಂಜಿನ್‌ನಲ್ಲಿ ಅಲ್ಲ, ಪ್ರಯಾಣಿಕರು ಕೂರುವ ಭಾಗದ ಹಿಂಬದಿಯಲ್ಲಿ. ಯಾರೋ ಬೇಕಂತಲೇ ಹಚ್ಚಿರಬಹುದು ಅಂತ ಒಬ್ಬ ಪ್ರಯಾಣಿಕನ ಮೇಲೆ ಅನುಮಾನ ಬಂತು. ಸಾಬೀತಾಗಲಿಲ್ಲ.

ಮಾರನೆಯ ವರ್ಷ ಭಾರತದ ನೆಲದ ಮೇಲೇ ಒಂದು ಘಟನೆ. 1934ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಿಂದ ಮೆಲ್ಬರ್ನ್‌ಗೆ ದೊಡ್ಡ ವಿಮಾನ ಸ್ಪರ್ಧೆ ನಡೆಯಿತು. ಅದರಲ್ಲಿ ಡಚ್ಚರ 'ಪೋಸ್ಟ್‌ಯಾಗರ್' ಇತ್ತು. ಇದು ಪ್ರಯಾಣಿಕ ವಿಮಾನ ಅಲ್ಲ, ವೇಗದ ಟಪಾಲಿಗಾಗಿಯೇ ಕಟ್ಟಿದ ಮೂರು ಎಂಜಿನ್ನಿನ ವಿಮಾನ. ಅಲಹಾಬಾದಿನಲ್ಲಿ ಇಳಿಯುವಾಗ ಚಕ್ರದ ಭಾಗ ಕೆಟ್ಟಿತು. ರಿಪೇರಿ ಮಾಡಿಕೊಂಡು ಅಕ್ಟೋಬರ್ 26ರ ರಾತ್ರಿ ಮತ್ತೆ ಹೊರಟಿತು. ಓಡುದಾರಿಯ ಪಕ್ಕದಲ್ಲಿ ದೀಪ ಹೊತ್ತ ಗಾಡಿಯೊಂದು ನಿಂತಿತ್ತು. ರೆಕ್ಕೆ ಅದಕ್ಕೆ ಬಡಿಯಿತು. ವಿಮಾನ ಸುಟ್ಟು ಬೂದಿಯಾಯಿತು. ಮೂವರು ಚಾಲಕ ಸಿಬ್ಬಂದಿ ಹೇಗೋ ಬದುಕಿ ಹೊರಬಂದರು.

ಜಾಸ್ಕ್‌ನಲ್ಲಿ ದೀಪ ಸಾಲದೆ ವಿಮಾನ ಹೋಯಿತು, ಅಲಹಾಬಾದಿನಲ್ಲಿ ದೀಪದ ಗಾಡಿಗೇ ಬಡಿದು ಹೋಯಿತು. ದೀಪ ಇದ್ದರೆ ಸಾಲದು, ಅದು ಎಲ್ಲಿರಬೇಕೋ ಅಲ್ಲಿರಬೇಕು.

ಮೂರೂ ಒಟ್ಟಿಗೆ ನಿಂತ ರಾತ್ರಿ

ಈಗ ಮುಖ್ಯ ಕಥೆಗೆ ಬರೋಣ. 1935ರ ಡಿಸೆಂಬರ್ 31, ವರ್ಷದ ಕೊನೆಯ ರಾತ್ರಿ. ಕಲ್ಕತ್ತಾ ಮಾದರಿಯ 'ಸಿಟಿ ಆಫ್ ಖಾರ್ಟೂಮ್' ಗ್ರೀಸ್‌ನ ಕ್ರೀಟ್ ದ್ವೀಪದಿಂದ ಹೊರಟು ಸಮುದ್ರ ದಾಟಿ ಅಲೆಕ್ಸಾಂಡ್ರಿಯಾ ಹತ್ತಿರ ಬಂದಿತ್ತು. ಒಂಬತ್ತು ಪ್ರಯಾಣಿಕರು, ನಾಲ್ವರು ಸಿಬ್ಬಂದಿ. ಬಂದರಿನ ದೀಪಗಳು ಕಾಣುವಷ್ಟು ಹತ್ತಿರ. ಇನ್ನು ಕೆಲವೇ ನಿಮಿಷ.

ಆಗ ಮೂರೂ ಎಂಜಿನ್ ಹೆಚ್ಚುಕಡಿಮೆ ಒಟ್ಟಿಗೇ ನಿಂತವು. ವಿಮಾನ ಕತ್ತಲಲ್ಲಿ ಸಮುದ್ರಕ್ಕೆ ಬಿತ್ತು. 13 ಜನರಲ್ಲಿ 12 ಜನ ಸತ್ತರು. ಪೈಲಟ್ ವಿಲ್ಸನ್ ಒಬ್ಬರೇ ಸುಮಾರು ಐದು ಗಂಟೆ ನೀರಿನಲ್ಲಿದ್ದು, ಬ್ರಿಟಿಷ್ ನೌಕಾಪಡೆಯ 'ಬ್ರಿಲಿಯಂಟ್' ಹಡಗಿನವರ ಕಣ್ಣಿಗೆ ಬಿದ್ದು ಬದುಕಿದರು.

ಮೂರು ಎಂಜಿನ್ ಒಂದೇ ಕ್ಷಣದಲ್ಲಿ ಕೆಡುವುದು ಹೇಗೆ ಸಾಧ್ಯ? ಕೆಟ್ಟಿರಲಿಲ್ಲ. ಇಂಧನ ಮುಗಿದಿತ್ತು.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಬಾವಿಗೆ ಮೂರು ಪಂಪ್‌ಸೆಟ್ ಇಟ್ಟಂತೆ. ಒಂದರ ಮೋಟಾರ್ ಸುಟ್ಟರೆ ಇನ್ನೆರಡು ನೀರು ಎತ್ತುತ್ತವೆ. ರೈತ ನೆಮ್ಮದಿಯಾಗಿ ಮಲಗಬಹುದು. ಆದರೆ ಬಾವಿ ಬತ್ತಿದರೆ? ಮೂರೂ ಒಂದೇ ಹೊತ್ತಿಗೆ ಗಾಳಿ ಎಳೆಯುತ್ತವೆ. ನಾಲ್ಕನೆಯ ಪಂಪ್‌ಸೆಟ್ ತಂದರೂ ಬೆಳೆ ಉಳಿಯುವುದಿಲ್ಲ.

ಇಲ್ಲಿಯವರೆಗೆ ಹೇಳಿದ ಎಲ್ಲ ಅಪಘಾತಗಳನ್ನೂ ಈ ಬಾವಿಯ ಪಕ್ಕ ಇಟ್ಟು ನೋಡಿ. ಕತ್ತಲು ಮೂರು ಎಂಜಿನ್ನಿಗೂ ಒಂದೇ. ಬಿರುಗಾಳಿ ಮೂರಕ್ಕೂ ಒಂದೇ. ರೆಕ್ಕೆಯ ಅಂಟು, ಟ್ಯಾಂಕಿನ ಇಂಧನ, ನೆಲದಿಂದ ಬರಬೇಕಾದ ಸುದ್ದಿ, ಎಲ್ಲವೂ ಮೂರಕ್ಕೂ ಒಂದೇ. ಕಟ್ಟಿದವರು ಎಂಜಿನ್ ಕೆಡುವ ಭಯಕ್ಕೆ ಉತ್ತರ ಕಂಡುಕೊಂಡರು. ಎಲ್ಲ ಎಂಜಿನ್ನೂ ಯಾವುದನ್ನು ನಂಬಿಕೊಂಡಿವೆಯೋ ಅದು ಕೈಕೊಟ್ಟರೆ ಏನು ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ಒಂದೊಂದೇ ಅಪಘಾತದ ನಂತರ, ಒಂದೊಂದೇ.

ಬಳ್ಳಾರಿಗೆ ಬಂದ ಒಂದೇ ಎಂಜಿನ್ನಿನ ವಿಮಾನ

ಇದೇ ವರ್ಷಗಳಲ್ಲಿ ನಮ್ಮ ಪಕ್ಕದಲ್ಲೇ ಇನ್ನೊಂದು ಕೆಲಸ ನಡೆಯುತ್ತಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಲ್ಲಿ ಪುಸ್ ಮಾತ್ ಎಂಬ ಪುಟ್ಟ ವಿಮಾನಕ್ಕೆ ಟಪಾಲು ತುಂಬಿಕೊಂಡು, ಅಹಮದಾಬಾದ್ ಮೂಲಕ ಮುಂಬಯಿಯ ಜುಹುಗೆ ಬಂದಿಳಿದರು. ಇಂಪೀರಿಯಲ್ ಏರ್‌ವೇಸ್ ತಂದ ಟಪಾಲನ್ನು ಮುಂದಕ್ಕೆ ಒಯ್ಯುವ ಸೇವೆ ಅದು. ಜುಹುನಿಂದ ಮುಂದೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಬಳ್ಳಾರಿ ಮೂಲಕ ಮದ್ರಾಸಿಗೆ ಹಾರಿದರು.

ಹೌದು, ನಮ್ಮ ಬಳ್ಳಾರಿ. ಹುಬ್ಬಳ್ಳಿಯಿಂದ ಗದಗ, ಹೊಸಪೇಟೆ ದಾಟಿದರೆ ಸಿಗುವ ಊರು. ನಮ್ಮ ಕಡೆಗೆ ಅಷ್ಟು ಹತ್ತಿರ ವಿಮಾನ ಟಪಾಲು ಬಂದದ್ದು ಆಗಲೇ.

ಪುಸ್ ಮಾತ್‌ಗೆ ಇದ್ದದ್ದು ಒಂದೇ ಎಂಜಿನ್. ಮೂರರ ಮುಂದೆ ಒಂದು ಅಂದರೆ ಅಪಾಯ ಹೆಚ್ಚಿರಬೇಕಲ್ಲ? ಆದರೆ ಟಾಟಾ ಸೇವೆ ಮೊದಲ ವರ್ಷ ಸಮಯ ತಪ್ಪದೆ ನಡೆದು ಸರ್ಕಾರದ ಮೆಚ್ಚುಗೆ ಗಳಿಸಿತು. ಜುಹು ಆಗ ಸಮುದ್ರದಂಚಿನ ಕೆಸರು ಬಯಲು. ಮಳೆಗಾಲದಲ್ಲಿ ಅಲ್ಲಿ ಇಳಿದರೆ ಚಕ್ರ ಹೂತುಹೋಗುತ್ತದೆ. ಅದಕ್ಕೆ ಮಳೆಗಾಲ ಬಂದರೆ ಅವರು ಜುಹು ಬಿಟ್ಟು ಪುಣೆಗೆ ಹೋಗುತ್ತಿದ್ದರು. ನೆಲ ಯಾವಾಗ ಗಟ್ಟಿ, ಯಾವಾಗ ಕೆಸರು ಅಂತ ತಿಳಿದು ನಡೆದರು. ನಮ್ಮ ಎರಿ ಹೊಲದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಿದ್ದ ಮರುದಿನ ಎರಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸುವವರು ಯಾರು?

ಒಂದೇ ಎಂಜಿನ್ ಮೇಲು ಅಂತ ಹೇಳುತ್ತಿಲ್ಲ. ಎಂಜಿನ್ ಎಣಿಸುವುದರಿಂದ ಮಾತ್ರ ಸುರಕ್ಷತೆ ಬರುವುದಿಲ್ಲ ಅಂತ ಹೇಳುತ್ತಿದ್ದೇವೆ.

ಡಕೋಟಾ ಬಂತು, ಮೂರನೆಯದು ಹೋಯಿತು

ಮೂರು ಎಂಜಿನ್ನಿನ ಕಾಲ ಮುಗಿದದ್ದು ಹೇಗೆ? ಕಾನ್ಸಾಸ್ ಅಪಘಾತ ಅನುಭವಿಸಿದ ಟಿಡಬ್ಲ್ಯುಎ ಕಂಪನಿಯೇ 1932ರ ಆಗಸ್ಟ್‌ನಲ್ಲಿ ವಿಮಾನ ಕಟ್ಟುವವರಿಗೆ ಕಾಗದ ಬರೆಯಿತು. ಪೂರ್ತಿ ಲೋಹದ, ಮೂರು ಎಂಜಿನ್ನಿನ ವಿಮಾನ ಬೇಕು ಅಂತ. ಡಗ್ಲಸ್ ಎಂಬ ಕಂಪನಿ ಒಂದು ಉತ್ತರ ಕೊಟ್ಟಿತು. ಎರಡೇ ಎಂಜಿನ್ ಸಾಕು, ಆದರೆ ಒಂದು ನಿಂತರೆ ಇನ್ನೊಂದೇ ಪೂರ್ತಿ ಭಾರ ಹೊರಬೇಕು, ಹಾಗೆ ಕಟ್ಟಿಕೊಡುತ್ತೇವೆ.

ಬಾಯಿಮಾತಿಗೆ ಯಾರೂ ಒಪ್ಪಲಿಲ್ಲ. 1933ರಲ್ಲಿ ಪರೀಕ್ಷೆ ನಡೆಯಿತು. ಅರಿಜೋನಾದ ವಿನ್ಸ್‌ಲೊ ಎಂಬ ಎತ್ತರದ ಊರಿನಲ್ಲಿ ವಿಮಾನ ಮೇಲೇಳುವಾಗಲೇ ಒಂದು ಎಂಜಿನ್ ಬಂದ್ ಮಾಡಿದರು. ಉಳಿದ ಒಂದರಲ್ಲೇ ಅದು ಆಲ್ಬುಕರ್ಕಿವರೆಗೆ ಹಾರಿತು. ಆ ವಿಮಾನದ ಮೊಮ್ಮಗ ಅನ್ನಬಹುದಾದದ್ದು ಡಿಸಿ-3, ಅಂದರೆ ಡಕೋಟಾ. ಎರಡನೆಯ ಮಹಾಯುದ್ಧದ ನಂತರ ಭಾರತದ ಆಕಾಶದಲ್ಲಿ ಎಲ್ಲೆಲ್ಲೂ ಇದ್ದ ವಿಮಾನ. ಎಷ್ಟು ವರ್ಷ ಓಡಿತು ಅಂದರೆ, ನಮ್ಮಲ್ಲಿ ಗಡಗಡ ಅನ್ನುವ ಹಳೆಯ ಗಾಡಿಗೆ 'ಡಕೋಟಾ' ಅಂತಲೇ ಹೆಸರಾಯಿತು.

ಮುಂದೆ ಜೆಟ್ ಕಾಲದಲ್ಲಿ ಮೂರು ಎಂಜಿನ್ನಿನ ವಿಮಾನಗಳು ಮತ್ತೆ ಬಂದವು, ಮತ್ತೆ ಹೋದವು. ಇಂದು ಹುಬ್ಬಳ್ಳಿಯಲ್ಲಿ ಇಳಿಯುವ ಪ್ರಯಾಣಿಕ ವಿಮಾನಗಳಿಗೆ ಎರಡೇ ಎಂಜಿನ್. ಸಮುದ್ರ ದಾಟುವ ದೊಡ್ಡ ವಿಮಾನಗಳಿಗೂ ಹೆಚ್ಚಾಗಿ ಎರಡೇ.

ಹುಬ್ಬಳ್ಳಿಯ ಒಂದು ಮಳೆ ಸಂಜೆ

ಕೊನೆಗೆ ನಮ್ಮೂರಿಗೇ ಬರೋಣ. 2015ರ ಮಾರ್ಚ್ 8ರ ಸಂಜೆ ಬೆಂಗಳೂರಿನಿಂದ ಬಂದ ವಿಮಾನವೊಂದು ಹುಬ್ಬಳ್ಳಿಯಲ್ಲಿ ಜೋರು ಮಳೆಯಲ್ಲಿ ಇಳಿಯಿತು. ಇಳಿದ ಮೇಲೆ ರನ್‌ವೇ ಅಂಚಿನ ಕಡೆ ಸರಿದು ಅಲ್ಲಿನ ದೀಪಕ್ಕೆ ಬಡಿಯಿತು. ಎಡಗಡೆಯ ಚಕ್ರದ ಕಾಲು ಮುರಿದು ವಿಮಾನ ವಾಲಿ ನಿಂತಿತು. ಎರಡು ಎಂಜಿನ್ನಿನ ವಿಮಾನ. ಎಂಜಿನ್ನಿನ ತಪ್ಪಲ್ಲ. ಮಳೆ, ಮಬ್ಬು ಬೆಳಕು, ಸರಿಯಾಗಿ ಕಾಣದ ನೆಲ.

ಜಾಸ್ಕ್‌ನಲ್ಲಿ 1929ರಲ್ಲಿ ಇದ್ದ ಸಮಸ್ಯೆಯ ಅಣ್ಣತಮ್ಮನೇ ಇದು. ಆದರೆ ಫಲ ಬೇರೆ. ಹುಬ್ಬಳ್ಳಿಯಲ್ಲಿ ಒಳಗಿದ್ದ ಎಲ್ಲರೂ ಜೀವಂತ ಹೊರಬಂದರು, ಮನೆಗೆ ಹೋದರು. ಆಮೇಲೆ ಅಧಿಕೃತ ತನಿಖೆಯೂ ಆಯಿತು.

ಈ ಎರಡು ಘಟನೆಗಳ ನಡುವೆ 85 ವರ್ಷಗಳಿವೆ. ಮಧ್ಯದಲ್ಲಿ ದೀಪ ಬಂತು, ರೇಡಿಯೊ ಬಂತು, ಲೋಹದ ರೆಕ್ಕೆ ಬಂತು, ಇಂಧನ ಎಷ್ಟು ಉಳಿಸಿಕೊಂಡೇ ಹಾರಬೇಕು ಅನ್ನುವ ನಿಯಮ ಬಂತು. ಬಹಳಷ್ಟು ಬಂದದ್ದು, ಬಿದ್ದ ವಿಮಾನದ ಮುಂದೆ ನಿಂತು ಯಾರೋ 'ಯಾಕೆ ಬಿತ್ತು?' ಅಂತ ಕೇಳಿ, ಉತ್ತರ ಬರೆದಿಟ್ಟದ್ದರಿಂದ.

ಊರಲ್ಲಿ ಟ್ರ್ಯಾಕ್ಟರ್ ಪಲ್ಟಿಯಾದರೆ, ಶಾಲೆಯ ಗೋಡೆ ಬಿದ್ದರೆ, ಕರೆಂಟ್ ತಂತಿ ಹರಿದು ಎತ್ತು ಸತ್ತರೆ ನಾವು ಏನನ್ನುತ್ತೇವೆ? "ಹಣೇಬರ, ಏನ್ ಮಾಡೂದೈತಿ" ಅಂದು ಸುಮ್ಮನಾಗುತ್ತೇವೆ. ಇನ್ನು ಮುಂದೆ ಹಾಗಾದಾಗ ಮೊಬೈಲಿನಲ್ಲಿ ಫೋಟೊ ತೆಗೆದು ಬಿಡುವುದರ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿ. ಯಾಕೆ ಬಿತ್ತು? ಉತ್ತರ ಬರುವವರೆಗೂ ಬಿಡಬೇಡಿ. ಮುಂದೆ ಅದೇ ದಾರಿಯಲ್ಲಿ ಹೋಗುವವರು ನಮ್ಮ ಮಕ್ಕಳೇ.